ಮೊದಲು ಆ್ಯಪ್ ಬದಲಿಸಿ, ಆಮೇಲೆ ಫೋನು

ಗೂಗಲ್‌ನ ಹಿಡಿತದಿಂದ ಫೋನನ್ನು ಬಿಡಿಸಿಕೊಳ್ಳುವುದು ಹೇಗೆ ಎಂದು ಕೇಳಿ ಮೈಸೂರು, ಮಂಡ್ಯ ಕಡೆಯ ಓದುಗರು ಬರೆದಿದ್ದಾರೆ. ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಮೀಸಲು.

ನನ್ನದು ಮೂರು ವರ್ಷ ಹಳೆಯ ರೆಡ್ಮಿ ಫೋನ್. ಇದಕ್ಕೆ ಗ್ರ್ಯಾಫೀನ್ ಒಎಸ್ ಹಾಕಿಸಬಹುದೆ? ಪೇಟೆಯ ಅಂಗಡಿಯೊಂದರಲ್ಲಿ ‘ಯಾವ ಫೋನಿಗಾದರೂ ಹಾಕಿಕೊಡುತ್ತೇವೆ’ ಎನ್ನುತ್ತಾರೆ.
— ಪ್ರೌಢಶಾಲಾ ಶಿಕ್ಷಕಿ, ಪಾಂಡವಪುರ

ಹಾಕಿಸಲು ಬರುವುದಿಲ್ಲ. ಗ್ರ್ಯಾಫೀನ್ ಒಎಸ್ ಎಂದರೆ ಗೂಗಲ್ ಸೇವೆಗಳನ್ನು ಬಿಟ್ಟು, ಭದ್ರತೆಗೆ ಒತ್ತು ಕೊಟ್ಟು ಕಟ್ಟಿದ ಆಂಡ್ರಾಯ್ಡ್ ಸಿಸ್ಟಂ. ಅದು ನಡೆಯುವುದು ಗೂಗಲ್‌ನದೇ ಪಿಕ್ಸೆಲ್ ಫೋನುಗಳಲ್ಲಿ. ಗೂಗಲ್‌ನಿಂದ ದೂರವಾಗಲು ಗೂಗಲ್‌ನ ಫೋನೇ ಬೇಕೆ ಎಂದು ಅನ್ನಿಸುವುದು ಸಹಜ. ಕಾರಣ ಬೂಟ್‌ಲೋಡರ್‌ನಲ್ಲಿದೆ. ಫೋನ್ ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಎಚ್ಚರವಾಗಿ, ಯಾವ ಆಪರೇಟಿಂಗ್ ಸಿಸ್ಟಂ ಓಡಬೇಕು ಎಂದು ತೀರ್ಮಾನಿಸುವ ಪುಟ್ಟ ತಂತ್ರಾಂಶ ಅದು. ಹೊಸ ಸಿಸ್ಟಂ ಹಾಕಲು ಅದರ ಬೀಗ ತೆಗೆಯಬೇಕು. ಪಿಕ್ಸೆಲ್‌ನಲ್ಲಿ ಹೊಸ ಸಿಸ್ಟಂ ಕೂತ ಮೇಲೆ, ಅದರ ಸ್ವಂತ ಕೀಲಿಯಿಂದಲೇ ಮತ್ತೆ ಬೀಗ ಹಾಕಲು ಬರುತ್ತದೆ. ಆಮೇಲೆ ಯಾರಾದರೂ ಸಿಸ್ಟಂ ತಿದ್ದಿದರೆ ಫೋನ್ ಏಳುವುದೇ ಇಲ್ಲ. ಬೇರೆ ಕಂಪನಿಗಳ ಬಹುತೇಕ ಫೋನುಗಳಲ್ಲಿ ತೆಗೆದ ಬೀಗ ತೆಗೆದಂತೆಯೇ ಉಳಿಯುತ್ತದೆ.

ರೆಡ್ಮಿಯಂಥ ಫೋನುಗಳಿಗೆ ಲೀನಿಯೇಜ್ ಒಎಸ್ ಮತ್ತು ಅದರ ಮೇಲೆ ಕಟ್ಟಿದ ಫ್ರಾನ್ಸ್ ಮೂಲದ ‘ಇ’ ಒಎಸ್ ಇವೆ. ಅವು ಗೂಗಲ್‌ಗೆ ಹೋಗುವ ಮಾಹಿತಿಯನ್ನು ನಿಜಕ್ಕೂ ಕಡಿಮೆ ಮಾಡುತ್ತವೆ. ಆದರೆ ಬೀಗವಿಲ್ಲದ ಫೋನ್ ಕೈತಪ್ಪಿದರೆ ಅಪಾಯ ಹೆಚ್ಚು, ಬ್ಯಾಂಕ್ ಆ್ಯಪ್‌ಗಳೂ ತಕರಾರು ಮಾಡುತ್ತವೆ. ಇನ್ನೊಂದು ವಿಷಯ ಹಲವರಿಗೆ ಆಮೇಲೆ ತಿಳಿಯುತ್ತದೆ: ಜಿಯೋದಲ್ಲಿ 2ಜಿ, 3ಜಿ ಇಲ್ಲ, ಕರೆಗಳೆಲ್ಲ ವೋಲ್ಟ್‌ಇ (4ಜಿ ಜಾಲದ ಮೇಲೇ ಕರೆ ಸಾಗಿಸುವ ವಿಧಾನ) ಮೂಲಕವೇ ಹೋಗಬೇಕು. ನಿಮ್ಮ ಮಾದರಿಯ ಲೀನಿಯೇಜ್‌ನಲ್ಲಿ ವೋಲ್ಟ್‌ಇ ಕೆಲಸ ಮಾಡದಿದ್ದರೆ ಜಿಯೋ ಸಿಮ್‌ನಲ್ಲಿ ಇಂಟರ್ನೆಟ್ ಬರುತ್ತದೆ, ಕರೆ ಬರುವುದಿಲ್ಲ. ಏರ್‌ಟೆಲ್ ಆದರೆ 2ಜಿಗೆ ಇಳಿದು ಹೇಗೋ ನಡೆಯುತ್ತದೆ. ಬೀಗ ತೆಗೆಯಲು ರೆಡ್ಮಿ ತಯಾರಿಸುವ ಶವೋಮಿ ಕಾಯಿಸುತ್ತದೆ. ವಿವೋ ಅವಕಾಶವನ್ನೇ ಕೊಡುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಬೀಗ ತೆಗೆದು ಬೇರೆ ಸಿಸ್ಟಂ ಹಾಕಿದರೆ ನಾಕ್ಸ್ ಎಂಬ ಭದ್ರತಾ ಫ್ಯೂಸ್ ಶಾಶ್ವತವಾಗಿ ಸುಟ್ಟುಹೋಗುತ್ತದೆ, ಹಳೆಯ ಸಿಸ್ಟಂ ಮತ್ತೆ ಹಾಕಿದರೂ ಸರಿಹೋಗುವುದಿಲ್ಲ.

ನೀವು ಈ ಫೋನನ್ನು ಮುಟ್ಟದಿರುವುದೇ ಒಳ್ಳೆಯದು. ಅಂಗಡಿಯವರ ಕೈಗಂತೂ ಕೊಡಬೇಡಿ, ಅವರು ಎಲ್ಲಿಂದ ತಂದ ಫೈಲ್ ಹಾಕಿದರು ಎಂದು ತಿಳಿಯುವ ದಾರಿ ನಿಮಗಿರುವುದಿಲ್ಲ. ಇರುವ ಸಿಸ್ಟಂನಲ್ಲೇ ಇಂದು ಸಂಜೆ ಇಷ್ಟು ಮಾಡಿ: ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ಜಾಹೀರಾತು ಐಡಿ ಅಳಿಸಿ. ‘ಪಾಸ್‌ವರ್ಡ್ಸ್ ಆ್ಯಂಡ್ ಸೆಕ್ಯುರಿಟಿ’ ಒಳಗಿನ ‘ಆಥರೈಸೇಷನ್ ಆ್ಯಂಡ್ ರಿವೊಕೇಷನ್’ ಪುಟದಲ್ಲಿ ‘ಎಂಎಸ್‌ಎ’ ಎಂಬುದನ್ನು ಆಫ್ ಮಾಡಿ, ಶವೋಮಿಯ ಜಾಹೀರಾತು ಬರುವುದು ಅದರಿಂದಲೇ. ಬ್ರೌಸರ್ ಜಾಗಕ್ಕೆ ಫೈರ್‌ಫಾಕ್ಸ್, ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್, ಎರಡು ಹಂತದ ಪರಿಶೀಲನೆಗೆ ಆ್ಯಪ್‌ನಲ್ಲೇ ಹುಟ್ಟುವ ಕೋಡ್‌ಗಳಿಗೆ (ಎಸ್ಸೆಮ್ಮೆಸ್‌ನಲ್ಲಿ ಬರುವ ಓಟಿಪಿಗಲ್ಲ) ಏಜಿಸ್ ಹಾಕಿಕೊಳ್ಳಿ. ಎರಡು ತಿಂಗಳು ಇವುಗಳಲ್ಲೇ ದಿನ ಸಾಗಿದರೆ ಮುಂದಿನ ಫೋನ್ ಪಿಕ್ಸೆಲ್ ಆಗಲಿ. ಹೊಸ ಸಿಸ್ಟಂ ಹಾಕಿ ವಾರದಲ್ಲೇ ಹಿಂದೆ ಬರುವವರು ಸೋಲುವುದು ಸಿಸ್ಟಂಗಲ್ಲ, ಒಂದೇ ದಿನ ಹತ್ತು ಅಭ್ಯಾಸ ಬದಲಿಸಬೇಕಾದ ಆಯಾಸಕ್ಕೆ.

ದೇವರಾಜ ಅರಸು ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್‌ಗಳು ಸಿಗುತ್ತವೆ. ಕೊಳ್ಳುವಾಗ ಏನು ನೋಡಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ನಿಂತು ಒಂದು ಪರೀಕ್ಷೆ ಮಾಡಿ. ನಿಮ್ಮ ಹಾಟ್‌ಸ್ಪಾಟ್‌ನಿಂದ ಫೋನಿಗೆ ಇಂಟರ್ನೆಟ್ ಕೊಡಿ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದು ಸಿಸ್ಟಂ ವಿಭಾಗದಲ್ಲಿರುತ್ತದೆ. ಒಳಗೆ, ಬೂಟ್‌ಲೋಡರ್ ಬೀಗ ತೆಗೆಯಲು ಅವಕಾಶ ಕೊಡುವ ‘ಒಇಎಂ ಅನ್‌ಲಾಕಿಂಗ್’ ಎಂಬ ಸ್ವಿಚ್ ಹುಡುಕಿ ಆನ್ ಮಾಡಿ ನೋಡಿ. ಆನ್ ಆದರೆ ಸರಿ. ಇಂಟರ್ನೆಟ್ ಇದ್ದೂ ಅದು ಮಸುಕಾಗಿ, ಒತ್ತಿದರೆ ಅಲುಗದಿದ್ದರೆ ಫೋನನ್ನು ಅಲ್ಲೇ ಬಿಟ್ಟು ಬನ್ನಿ. ಅಮೆರಿಕದ ದೂರವಾಣಿ ಕಂಪನಿ ವೆರೈಝನ್ ಮಾರಿದ ಪಿಕ್ಸೆಲ್‌ಗಳ ಬೀಗ ತೆಗೆಯಲು ಬಾರದು. ಹೊರದೇಶದಿಂದ ಬಂದ ಹಳೆಯ ಫೋನುಗಳಲ್ಲಿ ಅವೂ ಇರಬಹುದು, ಹೊರಗಿನಿಂದ ನೋಡಿದರೆ ಗುರುತು ಸಿಗುವುದಿಲ್ಲ. ಆಮೇಲೆ *#06# ಒತ್ತಿ ಫೋನಿನ ಗುರುತಿನ ಐಎಂಇಐ ಸಂಖ್ಯೆ ತೆಗೆದುಕೊಂಡು, ಇಂಗ್ಲಿಷ್‌ನಲ್ಲಿ ಕೆವೈಎಂ ಎಂದು ಬರೆದು ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕದ್ದ ಮಾಲು ಎಂದು ದಾಖಲಾಗಿದ್ದರೆ ತಿಳಿಯುತ್ತದೆ.

ಮಾದರಿ ಆರಿಸುವಾಗ ಕ್ಯಾಮೆರಾ ಆಮೇಲೆ, ಮೊದಲು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ನೋಡಿ. ಪಿಕ್ಸೆಲ್ 6, 7 ಸಾಲಿಗೆ 5 ವರ್ಷ, 8ರಿಂದ ಮುಂದಕ್ಕೆ 7 ವರ್ಷ. ಹಾಗಾಗಿ 6ಎಗೆ 2027ರ ಜುಲೈವರೆಗೆ, 7ಕ್ಕೆ 2027ರ ಅಕ್ಟೋಬರ್‌ವರೆಗೆ, 7ಎಗೆ 2028ರ ಮೇವರೆಗೆ. 8ಕ್ಕೆ 2030ರ ಅಕ್ಟೋಬರ್‌ವರೆಗೆ, 8ಎಗೆ 2031ರ ಮೇವರೆಗೆ. ಗೂಗಲ್ ಫರ್ಮ್‌ವೇರ್ (ಫೋನಿನ ಚಿಪ್‌ಗಳನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ನಿಲ್ಲಿಸಿದ ಮೇಲೆ ಗ್ರ್ಯಾಫೀನ್ ಕೂಡ ಆ ಫೋನನ್ನು ಪೂರ್ತಿ ಕಾಯಲಾರದು. ಮೆಮೊರಿ ದೋಷಗಳನ್ನು ಚಿಪ್ ಮಟ್ಟದಲ್ಲೇ ಹಿಡಿಯುವ ಮೆಮೊರಿ ಟ್ಯಾಗಿಂಗ್ ಬಂದದ್ದೂ 8ರಿಂದಲೇ. ಸಾಲ ಮಾಡದೆ ಆಗುವುದಾದರೆ 8ಎ ಕೊಳ್ಳಿ. ಅಗ್ಗಕ್ಕೆ ಸಿಗುವ 6ಎ ಬೇಡ. ಅದರ ಬ್ಯಾಟರಿ ಬಿಸಿಯಾಗುವ ತೊಂದರೆಯಿಂದಾಗಿ 400 ಚಾರ್ಜ್ ಸುತ್ತು ದಾಟಿದವುಗಳ ಬ್ಯಾಟರಿ ಸಾಮರ್ಥ್ಯವನ್ನು ಗೂಗಲ್ 2025ರ ಜುಲೈನಲ್ಲಿ ಅಪ್‌ಡೇಟ್ ಮೂಲಕ ತಗ್ಗಿಸಿತು.

ಎರಡು ಸಿಮ್ ಇಟ್ಟುಕೊಂಡಿರುವವರು ಗಮನಿಸಿ: ಈ ಫೋನುಗಳಲ್ಲಿ ಪ್ಲಾಸ್ಟಿಕ್ ಸಿಮ್‌ಗೆ ಒಂದೇ ಜಾಗ, ಇನ್ನೊಂದನ್ನು ಇ-ಸಿಮ್ ಮಾಡಿಸಬೇಕು.

ಹಳೆಯ ಲೇಖನಗಳಲ್ಲಿ ಇಂಥದೇ ಇನ್ನೊಂದು ಸಿಸ್ಟಂ, ಕ್ಯಾಲಿಕ್ಸ್ ಒಎಸ್ ಹೆಸರು ಕಾಣಬಹುದು. 2025ರ ಆಗಸ್ಟ್‌ನಲ್ಲಿ ಅವರು ಅಪ್‌ಡೇಟ್ ನಿಲ್ಲಿಸಿ, ಬಳಕೆದಾರರಿಗೆ ಬೇರೆ ಸಿಸ್ಟಂ ನೋಡಿಕೊಳ್ಳಲು ಹೇಳಿದರು. ಲೇಖನದ ತಾರೀಖು ನೋಡದೆ ಯಾವುದನ್ನೂ ಹಾಕಬೇಡಿ.

ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಗ್ರ್ಯಾಫೀನ್‌ನ ವೆಬ್ ಇನ್‌ಸ್ಟಾಲರ್ ತೆರೆದೆ. ಫೋನ್ ಕಾಣುವುದೇ ಇಲ್ಲ. ಸ್ನೇಹಿತನ ವಿಂಡೋಸ್‌ನಲ್ಲೂ ಅದೇ ಕತೆ. ಮೊದಲಿನಿಂದ ಹೇಳಿ.
— ಕಾರ್ಖಾನೆ ಉದ್ಯೋಗಿ, ಹೆಬ್ಬಾಳ, ಮೈಸೂರು

ಇನ್‌ಸ್ಟಾಲರ್ ಬ್ರೌಸರ್‌ನಿಂದಲೇ ಯುಎಸ್‌ಬಿ ಮೂಲಕ ಫೋನಿನ ಜೊತೆ ಮಾತಾಡುತ್ತದೆ. ಈ ಸೌಲಭ್ಯ ಕ್ರೋಮ್, ಕ್ರೋಮಿಯಂ, ಎಡ್ಜ್, ಬ್ರೇವ್‌ನಲ್ಲಿದೆ, ಫೈರ್‌ಫಾಕ್ಸ್‌ನಲ್ಲಿಲ್ಲ. ಉಬುಂಟುವಿನಲ್ಲಿ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಅದರ ಆ್ಯಪ್ ಅಂಗಡಿಯಿಂದ ಬರುವ ಕ್ರೋಮಿಯಂ ‘ಸ್ನ್ಯಾಪ್’ ಬಗೆಯ ಪ್ಯಾಕೇಜ್, ಅದಕ್ಕೆ ಯುಎಸ್‌ಬಿ ಸರಿಯಾಗಿ ಸಿಗುವುದಿಲ್ಲ. ಕ್ರೋಮ್ ಅಥವಾ ಬ್ರೇವ್‌ನ ಡೆಬ್ ಪ್ಯಾಕೇಜ್ ಹಾಕಿ. ಜೊತೆಗೆ ಆಂಡ್ರಾಯ್ಡ್ ಯುಡೆವ್ ನಿಯಮಗಳ ಪ್ಯಾಕೇಜ್ ಬೇಕು, ಇಲ್ಲದಿದ್ದರೆ ಸಾಮಾನ್ಯ ಬಳಕೆದಾರನಿಗೆ ಆ ಯುಎಸ್‌ಬಿ ಸಾಧನ ಮುಟ್ಟಲು ಅನುಮತಿ ಇರುವುದಿಲ್ಲ. ಇಷ್ಟಾದರೂ ಫೋನ್ ಬೇರೆ ಯಾರದೋ ಹಿಡಿತದಲ್ಲಿದೆ ಎಂದು ಬಂದರೆ, ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯುಯುಪಿಡಿ ಸೇವೆ ಅದನ್ನು ಹಿಡಿದುಕೊಂಡಿದೆ. ಆ ಸೇವೆಯನ್ನು ನಿಲ್ಲಿಸಿ ಮತ್ತೆ ನೋಡಿ. ವಿಂಡೋಸ್‌ನಲ್ಲಿ ಇಲ್ಲದಿರುವುದು ಡ್ರೈವರ್. ಫೋನ್ ಫಾಸ್ಟ್‌ಬೂಟ್ ಪರದೆಯಲ್ಲಿದ್ದು (ಅದನ್ನು ತರುವ ಬಗೆ ಮುಂದೆ ಹೇಳಿದೆ) ಕೇಬಲ್ ಸಿಕ್ಕಿಸಿಕೊಂಡಿರುವಾಗಲೇ ವಿಂಡೋಸ್ ಅಪ್‌ಡೇಟ್‌ನ ‘ಆಪ್ಷನಲ್ ಅಪ್‌ಡೇಟ್ಸ್’ ತೆರೆದರೆ ಆಂಡ್ರಾಯ್ಡ್ ಬೂಟ್‌ಲೋಡರ್ ಡ್ರೈವರ್ ಕಾಣುತ್ತದೆ, ಹಾಕಿಕೊಳ್ಳಿ.

ಕೇಬಲ್ ವಿಷಯ ಹಗುರವಾಗಿ ನೋಡಬೇಡಿ. ಚಾರ್ಜಿಂಗ್‌ಗೆ ಮಾತ್ರ ಇರುವ ಅಗ್ಗದ ಕೇಬಲ್, ಯುಎಸ್‌ಬಿ ಹಬ್ ಎರಡೂ ಬೇಡ. ಕಂಪ್ಯೂಟರ್‌ನಲ್ಲಿ 2 ಜಿಬಿ ರ‍್ಯಾಮ್, 32 ಜಿಬಿ ಡಿಸ್ಕ್ ಖಾಲಿ ಇರಲಿ. ಕರೆಂಟ್ ಹೋಗುವ ಹೊತ್ತಿನಲ್ಲಿ ಡೆಸ್ಕ್‌ಟಾಪ್ ಬೇಡ, ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಇರಲಿ.

ಇನ್ನು ಕ್ರಮ. ಫೋನಿನ ಈಗಿನ ಸಿಸ್ಟಂ ಪೂರ್ತಿ ಅಪ್‌ಡೇಟ್ ಮಾಡಿ. ಒಇಎಂ ಅನ್‌ಲಾಕಿಂಗ್ ಆನ್ ಮಾಡಿ. ರೀಸ್ಟಾರ್ಟ್ ಮಾಡುವಾಗ ವಾಲ್ಯೂಮ್ ಕೆಳಗಿನ ಬಟನ್ ಒತ್ತಿ ಹಿಡಿದರೆ ಕೆಂಪು ತ್ರಿಕೋನದ ‘ಫಾಸ್ಟ್‌ಬೂಟ್ ಮೋಡ್’ ಬರುತ್ತದೆ. ಇನ್‌ಸ್ಟಾಲರ್ ಪುಟದಲ್ಲಿ ಬೀಗ ತೆಗೆಯುವ ಗುಂಡಿ ಒತ್ತಿ, ಫೋನಿನ ಮೇಲೆ ವಾಲ್ಯೂಮ್ ಬಟನ್‌ನಿಂದ ಆರಿಸಿ ಪವರ್ ಬಟನ್‌ನಿಂದ ಒಪ್ಪಿ. ಇಲ್ಲಿಗೆ ಫೋನಿನೊಳಗಿನದೆಲ್ಲ ಅಳಿಸಿಹೋಗುತ್ತದೆ. ನಂತರ ಡೌನ್‌ಲೋಡ್, ಅದು ಒಂದು ಜಿಬಿ ಮೀರುತ್ತದೆ. ಆಮೇಲೆ ಫ್ಲ್ಯಾಶ್, ಅಂದರೆ ಹೊಸ ಸಿಸ್ಟಂ ಅನ್ನು ಫೋನಿಗೆ ಬರೆಯುವುದು. ಫ್ಲ್ಯಾಶ್ ನಡೆಯುವಾಗ ಫೋನ್ ತಾನಾಗಿ ಹಲವು ಸಲ ರೀಸ್ಟಾರ್ಟ್ ಆಗುತ್ತದೆ, ಕೆಟ್ಟಿತೆಂದು ಹೆದರಿ ಕೇಬಲ್ ಕೀಳಬೇಡಿ. ನಡುವೆ ನಿಂತೇಹೋದರೆ ಮತ್ತೆ ಫಾಸ್ಟ್‌ಬೂಟ್‌ಗೆ ತಂದು ಫ್ಲ್ಯಾಶ್ ಮೊದಲಿನಿಂದ ಮಾಡಿ, ಏನೂ ಆಗುವುದಿಲ್ಲ. ಆದರೆ ಫ್ಲ್ಯಾಶ್ ಪೂರ್ತಿ ಮುಗಿಯಿತೆಂದು ಪುಟ ಹೇಳುವವರೆಗೆ ಬೀಗ ಹಾಕುವ ಗುಂಡಿ ಮುಟ್ಟಬೇಡಿ. ಅರ್ಧ ಕೂತ ಸಿಸ್ಟಂ ಮೇಲೆ ಬೀಗ ಹಾಕಿದರೆ ಫೋನ್ ಏಳುವುದಿಲ್ಲ.

ಬೀಗ ಹಾಕಿದ ಮೇಲೆ ಇನ್ನೊಮ್ಮೆ ಎಲ್ಲ ಅಳಿಸುತ್ತದೆ, ಅದು ಸರಿಯೇ. ಆನ್ ಆಗುವಾಗ ಬೇರೆ ಸಿಸ್ಟಂ ಇದೆ ಎಂದು ಹಳದಿ ಎಚ್ಚರಿಕೆ, ಜೊತೆಗೆ ಒಂದು ಅಕ್ಷರ-ಅಂಕಿಗಳ ಸಾಲು ಬರುತ್ತದೆ. ಅದನ್ನು ಗ್ರ್ಯಾಫೀನ್ ತಾಣದಲ್ಲಿ ನಿಮ್ಮ ಮಾದರಿಗೆ ಕೊಟ್ಟಿರುವ ಸಾಲಿನೊಂದಿಗೆ ಹೋಲಿಸಿ. ಒಂದೇ ಆಗಿದ್ದರೆ ನಿಮ್ಮ ಕೈಲಿರುವುದು ಅಸಲಿ ಸಿಸ್ಟಂ. ಹೆಚ್ಚಿನವರು ಈ ಒಂದು ನಿಮಿಷದ ಕೆಲಸ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಕೊನೆಗೆ ಒಇಎಂ ಅನ್‌ಲಾಕಿಂಗ್ ಆಫ್ ಮಾಡಿ.

ಯುಪಿಐ, ಬ್ಯಾಂಕ್ ಆ್ಯಪ್ ನಡೆಯುತ್ತವೆಯೆ? ದಿನಸಿ ಅಂಗಡಿ ನಮ್ಮದು. ಒಂದು ದಿನ ನಿಂತರೂ ಕಷ್ಟ.
— ವ್ಯಾಪಾರಿ, ಮದ್ದೂರು

ಗಿರಾಕಿಗಳಿಂದ ಹಣ ಬರುವುದು ನಿಲ್ಲುವುದಿಲ್ಲ. ಕ್ಯೂಆರ್ ಫಲಕ ನಿಮ್ಮ ಖಾತೆಗೆ ಸೇರಿದ್ದು, ಬಂದ ಹಣ ಕೂಗಿ ಹೇಳುವ ಸೌಂಡ್‌ಬಾಕ್ಸ್‌ನಲ್ಲಿ ಅದರದೇ ಸಿಮ್ ಇರುತ್ತದೆ. ನಿಮ್ಮ ಫೋನಿನಲ್ಲಿ ಯಾವ ಸಿಸ್ಟಂ ಇದೆ ಎಂಬುದು ಅವಕ್ಕೆ ಬೇಕಾಗಿಲ್ಲ. ತೊಂದರೆ ಇರುವುದು ನೀವು ಹಣ ಕಳಿಸುವಾಗ, ಖಾತೆ ನೋಡುವಾಗ.

ಗ್ರ್ಯಾಫೀನ್‌ನಲ್ಲಿ ಗೂಗಲ್ ಪ್ಲೇ ಮೊದಲೇ ಇರುವುದಿಲ್ಲ, ಬೇಕಾದವರು ಅದರ ಆ್ಯಪ್ ಸ್ಟೋರ್‌ನಿಂದ ಹಾಕಿಕೊಳ್ಳಬಹುದು. ಹಾಕಿದಾಗಲೂ ಅದು ಉಳಿದ ಆ್ಯಪ್‌ಗಳಂತೆ ಒಂದು ಸಾಮಾನ್ಯ ಆ್ಯಪ್ ಅಷ್ಟೆ, ಸಂಪರ್ಕ, ಲೊಕೇಷನ್, ಕಡತ ಯಾವುದಕ್ಕೂ ನಿಮ್ಮನ್ನು ಕೇಳದೆ ಕೈ ಹಾಕಲಾರದು. ಆದರೆ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವ ಮುನ್ನ ‘ಪ್ಲೇ ಇಂಟೆಗ್ರಿಟಿ’ ಮೂಲಕ, ಈ ಫೋನಿನ ಸಿಸ್ಟಂಗೆ ಗೂಗಲ್ ಪ್ರಮಾಣಪತ್ರ ಇದೆಯೆ ಎಂದು ವಿಚಾರಿಸುತ್ತವೆ. ಗ್ರ್ಯಾಫೀನ್ ಎಷ್ಟೇ ಭದ್ರವಾಗಿದ್ದರೂ ಆ ಪ್ರಮಾಣಪತ್ರ ಅದಕ್ಕಿಲ್ಲ. ಈ ಉತ್ತರವನ್ನು ಕಟ್ಟುನಿಟ್ಟಾಗಿ ಕೇಳುವ ಆ್ಯಪ್ ತೆರೆಯುವುದಿಲ್ಲ, ಕೇಳದ ಆ್ಯಪ್ ತೆರೆಯುತ್ತದೆ. ಇಂದು ತೆರೆದದ್ದು ಮುಂದಿನ ಅಪ್‌ಡೇಟ್‌ನಲ್ಲಿ ನಿಲ್ಲಲೂಬಹುದು. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ: ವರ್ಷಗಳಿಂದ ಒಂದು ಅಪ್‌ಡೇಟನ್ನೂ ಕಾಣದ ಹಳೆಯ ಫೋನ್ ಎಷ್ಟೋ ಸಲ ಪಾಸಾಗುತ್ತದೆ, ಭದ್ರವಾದದ್ದು ಹೊರಗುಳಿಯುತ್ತದೆ. ನಿಮ್ಮ ಬ್ಯಾಂಕಿಗೆ ಈ ವಿಷಯ ಬರೆದು ದೂರು ಕೊಡಿ.

ಆ್ಯಪ್ ತೆರೆಯದಿದ್ದರೆ ಕೈಬಿಡುವ ಮುನ್ನ ಮೂರು ಕಡೆ ನೋಡಿ. ಡೆವಲಪರ್ ಆಪ್ಷನ್ಸ್ ಆನ್ ಇದ್ದರೇ ಕೆಲವು ಬ್ಯಾಂಕ್ ಆ್ಯಪ್‌ಗಳು ಬಾಗಿಲು ಮುಚ್ಚುತ್ತವೆ, ಪೂರ್ತಿ ಆಫ್ ಮಾಡಿ. ತೆರೆದ ಕೂಡಲೇ ಕುಸಿದು ಬೀಳುವ ಆ್ಯಪ್ ಆದರೆ, ಅದರ ಆ್ಯಪ್ ಇನ್ಫೋ ಪುಟದಲ್ಲಿ ‘ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್ ಕಂಪ್ಯಾಟಿಬಿಲಿಟಿ ಮೋಡ್’ ಆನ್ ಮಾಡಿ. ಸಿಮ್ ಪರಿಶೀಲನೆಯಲ್ಲಿ ಬಿದ್ದರೆ, ನೀವು ಆ್ಯಪ್ ಅನ್ನು ಎರಡನೆಯ ಪ್ರೊಫೈಲ್‌ನಲ್ಲಿ (ಅದೇ ಫೋನಿನಲ್ಲಿ ಬೇರೆಯಾಗಿ ತೆರೆದ ಬಳಕೆದಾರರ ಜಾಗ) ಹಾಕಿದ್ದೀರಾ ನೋಡಿ. ಯುಪಿಐ ಆ್ಯಪ್ ಮೊದಲು ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಸಂಖ್ಯೆ ಖಚಿತ ಮಾಡಿಕೊಳ್ಳುತ್ತದೆ. ಎರಡನೆಯ ಪ್ರೊಫೈಲ್‌ಗೆ ಕರೆ ಮತ್ತು ಎಸ್ಸೆಮ್ಮೆಸ್ ಅನುಮತಿ ತಾನಾಗಿ ಇರುವುದಿಲ್ಲ, ಮುಖ್ಯ ಪ್ರೊಫೈಲ್‌ನಿಂದ ಕೊಡಬೇಕು. ಅಂದಹಾಗೆ, ಕಾರ್ಡ್ ಬದಲು ಫೋನನ್ನೇ ಯಂತ್ರಕ್ಕೆ ತಾಗಿಸಿ ಪಾವತಿಸುವ ಗೂಗಲ್‌ನ ಸೌಲಭ್ಯ ಗ್ರ್ಯಾಫೀನ್‌ನಲ್ಲಿ ನಡೆಯುವುದಿಲ್ಲ. ಕ್ಯೂಆರ್ ಸ್ಕ್ಯಾನ್‌ಗೂ ಅದಕ್ಕೂ ಸಂಬಂಧವಿಲ್ಲ.

ಬದಲಿಸುವ ದಿನ ಸರಕು ತರಿಸುವ ದಿನವಾಗದಿರಲಿ. ಫೋನ್ ಬದಲಾಗಿ ಯುಪಿಐ ಹೊಸದಾಗಿ ನೋಂದಾಯಿಸಿದ ಮೊದಲ 24 ಗಂಟೆ ₹5,000ಕ್ಕಿಂತ ಹೆಚ್ಚು ಕಳಿಸಲಾಗದು. ಸಿಮ್ ಹಳೆಯ ಫೋನಿನಲ್ಲೇ ಇರಲಿ, ಹೊಸದರಲ್ಲಿ ವೈಫೈ ಮೇಲೆ ಆ್ಯಪ್‌ಗಳನ್ನು ಹಾಕಿ ತೆರೆದು ನೋಡಿ, ತಿರಸ್ಕರಿಸುವ ಆ್ಯಪ್ ಹಲವು ಸಲ ಮೊದಲ ಪರದೆಯಲ್ಲೇ ತಿರಸ್ಕರಿಸುತ್ತದೆ. ಎಲ್ಲ ತೆರೆದರೆ ಮಾತ್ರ ಸಿಮ್ ಬದಲಿಸಿ. ಆಪತ್ಕಾಲಕ್ಕೆ *99# ಇದೆ, ಇಂಟರ್ನೆಟ್, ಆ್ಯಪ್ ಎರಡೂ ಬೇಡ, ಕನ್ನಡದಲ್ಲೂ ಬರುತ್ತದೆ, ಒಂದು ಸಲಕ್ಕೆ ₹5,000ವರೆಗೆ. ನಿಮ್ಮ ಸಿಮ್‌ನಲ್ಲಿ ಅದು ನಡೆಯುತ್ತದೆಯೆ ಎಂದು ಮೊದಲೇ ಒತ್ತಿ ನೋಡಿಕೊಳ್ಳಿ.

ನಿಮ್ಮಂಥ ವ್ಯಾಪಾರಿಗಳಿಗೆ ನಾವು ಹೇಳುವುದು: ಬ್ಯಾಂಕಿಗೆ ಕೊಟ್ಟ ಸಂಖ್ಯೆಯ ಸಿಮ್ ಹಾಗೂ ಹಣದ ಆ್ಯಪ್‌ಗಳು ಹಳೆಯ ಫೋನಿನಲ್ಲೇ, ಗಲ್ಲಾಪೆಟ್ಟಿಗೆಯ ಪಕ್ಕ ಇರಲಿ. ಅದರಲ್ಲಿ ಬೇರೇನೂ ಬೇಡ. ಮಾತು, ಫೋಟೊ, ಮನೆಯ ವಿಚಾರ ಹೊಸ ಫೋನಿನಲ್ಲಿ ಎರಡನೆಯ ಸಂಖ್ಯೆಯ ಮೇಲೆ ನಡೆಯಲಿ.

ವಾಟ್ಸ್ಆ್ಯಪ್ ಮಾತುಕತೆ, ಮೊಮ್ಮಕ್ಕಳ ಫೋಟೊ ಹೋಗಬಾರದು. ಕನ್ನಡದಲ್ಲಿ ಟೈಪ್ ಮಾಡಲು ಬರಬೇಕು.
— ನಿವೃತ್ತ ಅಧಿಕಾರಿ, ಕುವೆಂಪುನಗರ, ಮೈಸೂರು

ವಾಟ್ಸ್ಆ್ಯಪ್‌ನ ಗೂಗಲ್ ಡ್ರೈವ್ ಬ್ಯಾಕಪ್ ನೆಚ್ಚಬೇಡಿ, ಅದಕ್ಕೆ ಮತ್ತೆ ಗೂಗಲ್ ಖಾತೆ ಬೇಕು. ಎರಡೂ ಫೋನ್ ಕೈಲಿದ್ದರೆ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಚಾಟ್ಸ್ ಒಳಗಿನ ‘ಟ್ರಾನ್ಸ್‌ಫರ್ ಚಾಟ್ಸ್’ ಬಳಸಿ. ಹೊಸ ಫೋನಿನಲ್ಲಿ ಸಂಖ್ಯೆ ಖಚಿತವಾದ ಮೇಲೆ ಕ್ಯೂಆರ್ ಬರುತ್ತದೆ, ಹಳೆಯದರಿಂದ ಸ್ಕ್ಯಾನ್ ಮಾಡಿದರೆ ನೇರ ವೈಫೈ ಮೂಲಕ ಸಾಗುತ್ತದೆ. ಅದಕ್ಕೆ ಮುನ್ನ, ಆಂಡ್ರಾಯ್ಡ್ ಫೋಲ್ಡರ್‌ನ ಮೀಡಿಯಾ ಒಳಗಿರುವ ವಾಟ್ಸ್ಆ್ಯಪ್ ಫೋಲ್ಡರ್ ಪೂರ್ತಿ ಕಂಪ್ಯೂಟರ್‌ಗೆ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ವರ್ಗಾವಣೆ ಕೈಕೊಟ್ಟರೆ ಅದನ್ನು ಹೊಸ ಫೋನಿನ ಅದೇ ಜಾಗಕ್ಕೆ ಹಾಕಿ ಮರಳಿ ಪಡೆಯಬಹುದು.

ಫೋಟೊಗಳಲ್ಲಿ ಒಂದು ಬಲೆ ಇದೆ. ಗೂಗಲ್ ಫೋಟೋಸ್‌ನಲ್ಲಿ ಎಂದಾದರೂ ‘ಫ್ರೀ ಅಪ್ ಸ್ಪೇಸ್’ ಒತ್ತಿದ್ದರೆ ಆ ಚಿತ್ರಗಳು ಫೋನಿನಲ್ಲಿ ಇಲ್ಲವೇ ಇಲ್ಲ, ತೋರುತ್ತಿರುವುದು ಗೂಗಲ್‌ನ ಕಂಪ್ಯೂಟರ್‌ನಿಂದ. ಕೇಬಲ್‌ನಲ್ಲಿ ನಕಲು ಮಾಡಿದರೆ ಅವು ಬರುವುದಿಲ್ಲ. ಗೂಗಲ್ ಟೇಕ್‌ಔಟ್ ಮೂಲಕ ಎಲ್ಲವನ್ನೂ ಇಳಿಸಿಕೊಂಡು, ತೆರೆದು ನೋಡಿ, ಆಮೇಲೆ ಮುಂದುವರಿಯಿರಿ. ಸಂಪರ್ಕಗಳನ್ನು ಕಾಂಟ್ಯಾಕ್ಟ್ಸ್ ಆ್ಯಪ್‌ನಿಂದ ವಿಸಿಎಫ್ ಕಡತವಾಗಿ ರಫ್ತು ಮಾಡಿದರೆ ಒಂದೇ ಕಡತದಲ್ಲಿ ಎಲ್ಲ ಬರುತ್ತವೆ. ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ ಇದ್ದರೆ ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಇಲ್ಲದಿದ್ದರೆ, ಅಳಿಸಿಹೋದ ಫೋನಿನ ಮೇಲೇ ಒಪ್ಪಿಗೆ ಒತ್ತಿ ಎಂದು ಅದು ಕೇಳುತ್ತದೆ.

ಕನ್ನಡಕ್ಕೆ ಇಂಡಿಕ್ ಕೀಬೋರ್ಡ್ ಒಳ್ಳೆಯದು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಪಡೆಯುವ ವಿಧಾನವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಅದರಲ್ಲಿವೆ. ಗೂಗಲ್‌ನ ಜಿಬೋರ್ಡ್ ಕೀಬೋರ್ಡ್‌ಗೇ ಕೈ ಒಗ್ಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ಗ್ರ್ಯಾಫೀನ್‌ನಲ್ಲಿ ಪ್ರತಿ ಆ್ಯಪ್‌ಗೂ ‘ನೆಟ್‌ವರ್ಕ್’ ಅನುಮತಿ ಬೇರೆಯಾಗಿರುತ್ತದೆ. ಕನ್ನಡ ಭಾಷಾ ಕಡತ ಇಳಿದ ಮೇಲೆ ಆ ಅನುಮತಿ ಕಿತ್ತುಕೊಂಡರೆ ಕೀಬೋರ್ಡ್ ತಾನಾಗಿ ಇಂಟರ್ನೆಟ್‌ಗೆ ಏನನ್ನೂ ಕಳಿಸಲಾರದು.

ಗೂಗಲ್ ಪ್ಲೇ ಹಾಕದೆ ಬಳಸುತ್ತಿದ್ದೇನೆ. ಕೆಲವು ಆ್ಯಪ್‌ಗಳ ಸಂದೇಶ ಆ್ಯಪ್ ತೆರೆದಾಗಷ್ಟೇ ಬರುತ್ತದೆ.
— ಶ್ರೀರಂಗಪಟ್ಟಣ

ಬಹಳಷ್ಟು ಆ್ಯಪ್‌ಗಳು ಸೂಚನೆ ತಲುಪಿಸಲು ಗೂಗಲ್‌ನ ಸೇವೆಯನ್ನೇ ನೆಚ್ಚಿವೆ, ಅದಿಲ್ಲದಿದ್ದರೆ ಮಲಗಿಬಿಡುತ್ತವೆ. ವಾಟ್ಸ್ಆ್ಯಪ್, ಸಿಗ್ನಲ್‌ಗೆ ತಮ್ಮದೇ ಸಂಪರ್ಕ ಇದೆ. ಅವುಗಳ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಬ್ಯಾಟರಿ ತುಸು ಹೆಚ್ಚು ಹೋಗುತ್ತದೆ. ಉಳಿದ ಆ್ಯಪ್‌ಗಳು ಬೇಕೇ ಬೇಕಾದರೆ ಪ್ಲೇ ಹಾಕಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ನನಗೆ ದೃಷ್ಟಿ ಇಲ್ಲ. ಪರದೆ ಕನ್ನಡದಲ್ಲಿ ಓದಿಸಿಕೊಳ್ಳಲು ಆಗುತ್ತದೆಯೆ?
— ಪದವಿ ವಿದ್ಯಾರ್ಥಿನಿ, ಮಂಡ್ಯ

ಆಗುತ್ತದೆ. ಪರದೆ ಓದುವ ಟಾಕ್‌ಬ್ಯಾಕ್ ಗ್ರ್ಯಾಫೀನ್ ಸಿಸ್ಟಂನಲ್ಲೇ ಇದೆ, ಕನ್ನಡ ಧ್ವನಿ ಮಾತ್ರ ಜೊತೆಗೆ ಬರುವುದಿಲ್ಲ. ಹಾಗಾಗಿ ಮೊದಲ ದಿನದ ಹೊಂದಿಕೆಗೆ ಕಣ್ಣಿರುವವರೊಬ್ಬರ ನೆರವು ಬೇಕು. ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿ ಎಫ್-ಡ್ರಾಯ್ಡ್‌ನಲ್ಲಿ ಸಿಗುವ ಇಸ್ಪೀಕ್ ಕನ್ನಡ ಓದುತ್ತದೆ, ಧ್ವನಿ ಯಂತ್ರದಂತಿದೆ, ವೇಗ ಹೆಚ್ಚಿಸಿ ಕೇಳುವವರಿಗೆ ಒಗ್ಗುತ್ತದೆ. ಸಹಜ ಧ್ವನಿ ಬೇಕಾದರೆ ಪ್ಲೇಯಿಂದ ಗೂಗಲ್‌ನ ಸ್ಪೀಚ್ ಸರ್ವಿಸಸ್ ಹಾಕಿ, ಕನ್ನಡ ಧ್ವನಿ ಇಳಿಸಿಕೊಂಡ ಮೇಲೆ ನೆಟ್‌ವರ್ಕ್ ಅನುಮತಿ ತೆಗೆಯಿರಿ.

ಗ್ರ್ಯಾಫೀನ್ ಹಾಕಿದರೆ ನಾನು ಎಲ್ಲಿದ್ದೇನೆ ಎಂದು ಯಾರಿಗೂ ತಿಳಿಯುವುದಿಲ್ಲವೆ? ಸಾಲ ಬೇಕೆ ಎಂದು ಬರುವ ಕರೆಗಳೂ ನಿಲ್ಲುತ್ತವೆಯೆ?
— ನಂಜನಗೂಡು

ಎರಡೂ ಇಲ್ಲ. ಸಿಮ್ ಇರುವವರೆಗೆ ನೀವು ಯಾವ ಟವರ್ ಬಳಿ ಇದ್ದೀರಿ ಎಂಬುದು ದೂರವಾಣಿ ಕಂಪನಿಗೆ ಗೊತ್ತು. ಯುಪಿಐ ಪಾವತಿ ಬ್ಯಾಂಕಿಗೆ ಗೊತ್ತು. ಯಾರ ಜೊತೆ, ಯಾವಾಗ ಮಾತಾಡಿದಿರಿ ಎಂಬುದು ವಾಟ್ಸ್ಆ್ಯಪ್‌ಗೆ ಗೊತ್ತಾಗುತ್ತದೆ. ನಿಲ್ಲುವುದು ಫೋನಿನ ಒಳಗಿನಿಂದ ಸದ್ದಿಲ್ಲದೆ ಹರಿಯುವ ಮಾಹಿತಿ. ಆ್ಯಪ್ ಒಂದು ಸಂಪರ್ಕಪಟ್ಟಿ ಕೇಳಿದರೆ ‘ಕಾಂಟ್ಯಾಕ್ಟ್ ಸ್ಕೋಪ್ಸ್’ನಲ್ಲಿ ನಾಲ್ಕೇ ಹೆಸರು ತೋರಿಸಬಹುದು, ಫೋಟೊ ಕೇಳಿದರೆ ‘ಸ್ಟೋರೇಜ್ ಸ್ಕೋಪ್ಸ್’ನಲ್ಲಿ ಒಂದೇ ಫೋಲ್ಡರ್ ಕೊಡಬಹುದು. ಕಳವಾದ ಫೋನ್ 18 ಗಂಟೆ ಬೀಗ ತೆರೆಯದೆ ಬಿದ್ದಿದ್ದರೆ ತಾನೇ ರೀಸ್ಟಾರ್ಟ್ ಆಗಿ ಒಳಗಿನದೆಲ್ಲ ಮತ್ತೆ ಗೂಢಲಿಪಿಯ ಹಿಂದೆ ಸರಿಯುತ್ತದೆ. ಸಾಲದ ಕರೆಗಳಿಗೆ 1909 ಸಂಖ್ಯೆಗೆ ಕರೆ ಮಾಡಿ ಡಿಎನ್‌ಡಿ (ಜಾಹೀರಾತು ಕರೆ ಬೇಡ ಎಂಬ ಕೋರಿಕೆ) ನೋಂದಾಯಿಸಿ.

ಒಗ್ಗದಿದ್ದರೆ ಹಿಂದಿನ ಸ್ಥಿತಿಗೆ ತರಬಹುದೆ?
— ಕೆ.ಆರ್. ಪೇಟೆ

ಪಿಕ್ಸೆಲ್‌ನಲ್ಲಿ ಪೂರ್ತಿ ಬರುತ್ತದೆ. ಒಇಎಂ ಅನ್‌ಲಾಕಿಂಗ್ ಮತ್ತೆ ಆನ್ ಮಾಡಿ, ಬೀಗ ತೆಗೆದು, ಗೂಗಲ್‌ನ ಆಂಡ್ರಾಯ್ಡ್ ಫ್ಲ್ಯಾಶ್ ಟೂಲ್‌ನಿಂದ ಮೂಲ ಸಿಸ್ಟಂ ಹಾಕಿ. ಮತ್ತೆ ಬೀಗ ಹಾಕುವ ಮುನ್ನ ಗ್ರ್ಯಾಫೀನ್‌ನ ಕೀಲಿಯನ್ನು ಫೋನಿನಿಂದ ಅಳಿಸಬೇಕು, ಅವರ ವೆಬ್ ಇನ್‌ಸ್ಟಾಲರ್ ಪುಟದ ಕೆಳಭಾಗದಲ್ಲಿ ಅದಕ್ಕೊಂದು ಗುಂಡಿ ಇದೆ. ಮಾರುವವರು ಇದನ್ನು ಮರೆಯಬೇಡಿ.